ಅವಳ ಕಣ್ಣಿಗೆ ಮಾತ್ರ ಕಂಡ ಜರ್ಕ್

"ಎಲ್ಲಿ ಜರ್ಕ್? ನನಗಂತೂ ಏನೂ ಕಾಣ್ತಿಲ್ಲ."

ಬೆನ್ನ ಹಿಂದಿನಿಂದ ಬಂದ ದನಿ. ಅವಳು ಈವರೆಗೆ ಕೇಳಿರದ ದನಿ.

ಅವಳು ತಿರುಗಲಿಲ್ಲ. ಆ ಹೊತ್ತಿಗೆ ಅವಳು ದೋಣಿಯಲ್ಲಿದ್ದಳು...

ಹೊರಗೆ ಮಟಮಟ ಮಧ್ಯಾಹ್ನ. ಆದರೆ ಕಪ್ಪು ಕರ್ಟನ್ ಎಳೆದ ಆ ಟೆಸ್ಟಿಂಗ್ ರೂಮಿನೊಳಗೆ ಬೆಳಗಿನ ಜಾವ. ಸ್ಕ್ರೀನಿನ ತುಂಬ ನದಿ, ನದಿಯ ಮೇಲೆ ಹಾಲು ಚೆಲ್ಲಿದ ಹಾಗೆ ಮಂಜು, ಮಂಜಿನ ನಡುವೆ ಒಂದು ಪುಟ್ಟ ದೋಣಿ. ಯುದ್ಧವಿಲ್ಲ, ಗುಂಡಿನ ಸದ್ದಿಲ್ಲ. ಸುಮ್ಮನೆ ಹುಟ್ಟು ಹಾಕುತ್ತ ಹೋಗುವುದಷ್ಟೇ ಆ ಗೇಮು. ಅದು ಜನರ ಕೈಗೆ ಹೋಗುವ ಮುಂಚೆ ಆಡಿ ಆಡಿ ತಪ್ಪು ಹುಡುಕುವುದು ಅವಳ ಕೆಲಸ. ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ 'ಹದ್ದಿನಕಣ್ಣು' ಅಂತ.

"ಆ ಮರ ಹತ್ತಿರ ಬರುವಾಗ ನೋಡಿ," ಎಂದಳು. "ಜಾರಿ ಬರಬೇಕು. ಇದು ಎಡವಿ ಎಡವಿ ಬರ್ತಿದೆ."

"ಮೂಲೇಲಿ ನಂಬರ್ ಇದೆಯಲ್ಲ, ಅದನ್ನ ನೋಡಿ. ಅರವತ್ತು. ಸೆಕೆಂಡಿಗೆ ಅರವತ್ತು ಚಿತ್ರ. ಒಂದೂ ಕಮ್ಮಿ ಇಲ್ಲ. ಚಿತ್ರ ಬರೆಯೋಕೇ ಅಂತ ಎರಡು ಚಿಪ್ ಇರೋ ಕಾರ್ಡ್ ಹಾಕಿದೀವಿ, ಕಮ್ಮಿ ಆಗೋ ಮಾತೇ ಇಲ್ಲ."

"ನಂಬರ್ ನೋಡೋಕೆ ನನ್ನ ಇಲ್ಲಿ ಕೂರಿಸಿಲ್ಲ. ನದಿ ನೋಡೋಕೆ ಕೂರಿಸಿದಾರೆ."

ರೂಮಿನಲ್ಲಿದ್ದ ಆರು ಜನರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಆಗ ತಿರುಗಿದಳು. ತೆಳ್ಳಗಿನ ಮನುಷ್ಯ. ಶರ್ಟಿನ ಒಂದು ತೋಳು ಮೊಣಕೈವರೆಗೆ, ಇನ್ನೊಂದು ಅರ್ಧಕ್ಕೇ ಮಡಚಿದ್ದ. ಅವನ ಕನ್ನಡಕದ ಎರಡು ಗಾಜಿನಲ್ಲಿ ಎರಡು ಪುಟಾಣಿ ನದಿಗಳು ಹರಿಯುತ್ತಿದ್ದವು. ಅವಳು ಅವನ್ನೇ ನೋಡಿದಳು...

ಆಗಲೇ ಅವನು ಆ ಮಾತು ಹೇಳಿದ.

"ಹಾಗಾದ್ರೆ ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ."

ಚುಚ್ಚಬೇಕು ಅಂತ ಹೇಳಿದ್ದಲ್ಲ. ಕೇಬಲ್ ಸಡಿಲ ಇದೆಯೇನೋ ನೋಡಿ ಅನ್ನುವ ಹಾಗೆ ಹೇಳಿದ್ದ. ಹೇಳಿ, ಮುಂದಿನ ಕಂಪ್ಯೂಟರಿನ ಕಡೆ ನಡೆದೂಬಿಟ್ಟ.

ಅವಳ ಕೈ ಮೌಸಿನ ಮೇಲೆ ಹಾಗೇ ತಣ್ಣಗಾಯಿತು.

"ಹೊಸ ಎಂಜಿನಿಯರ್ರು ಕಣೇ," ಪಕ್ಕದ ಕುರ್ಚಿಯ ಮೋಡದಕ್ಕ ಪಿಸುಗುಟ್ಟಿದಳು. ಗೇಮಿನ ಮೋಡ, ಮಂಜು ಎಲ್ಲಾ ಬರೆಯುವವಳು ಅವಳೇ. ಅದಕ್ಕೇ ಆ ಹೆಸರು. "ಬಂದು ನಾಲ್ಕು ದಿನ ಆಗಿಲ್ಲ, ಬಾಯಿ ಬಿಟ್ರೆ ಗ್ರಾಫು. ನಾನಂತೂ ಗ್ರಾಫ್ ಸಾಹೇಬ್ರು ಅಂತ ಹೆಸರಿಟ್ಟಿದೀನಿ. ನೀನು ತಲೆಗೆ ಹಚ್ಕೋಬೇಡ."

ಆದರೆ ಆ ಮಾತು ತಲೆಗೆ ಹೋಗಿರಲಿಲ್ಲ. ಅದಕ್ಕಿಂತ ಆಳಕ್ಕೆ ಇಳಿದಿತ್ತು.

---

ಅವಳ ಅಪ್ಪ ಸಿನಿಮಾ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದವರು. ಅಮ್ಮ ಬೇಗ ತೀರಿಹೋಗಿದ್ದರಿಂದ ಶಾಲೆ ಬಿಟ್ಟ ಮೇಲೆ ಅವಳ ಮನೆಯೆಂದರೆ ಆ ಪ್ರೊಜೆಕ್ಟರ್ ಕೋಣೆಯೇ. ಗೋಡೆಯ ಸಣ್ಣ ಕಿಂಡಿ, ಅದರಿಂದ ಹೊರಟ ಬೆಳಕಿನ ಕೋಲು, ಅದರೊಳಗೆ ಕುಣಿಯುವ ಧೂಳು. ಸ್ಟೂಲಿನ ಮೇಲೆ ನಿಂತು ಅವಳು ಕಥೆ ನೋಡುತ್ತಿರಲಿಲ್ಲ. ರೀಲು ಎಲ್ಲಿ ಒಂಚೂರು ನಡುಗಿತು ಅಂತ ನೋಡುತ್ತಿದ್ದಳು.

"ಅಪ್ಪಾ, ಈಗ ಹಾರಿತು."

"ಭೇಷ್ ಮಗಳೇ. ನನಗಿಂತ ಮುಂಚೆ ಹೇಳ್ಬಿಟ್ಟೆ."

ಐವತ್ತು ದಾಟುತ್ತಿದ್ದ ಹಾಗೆ ಅಪ್ಪನ ಕಣ್ಣ ನಟ್ಟನಡುವೆ ಒಂದು ಬೂದು ಮಚ್ಚೆ ಕೂತಿತು. ಸುತ್ತ ಕಾಣುತ್ತದೆ, ನಡುವೆ ಇಲ್ಲ. ದಿನದಿಂದ ದಿನಕ್ಕೆ ಅದು ದೊಡ್ಡದಾಯಿತು. ಇಂಥದ್ದು ಮಕ್ಕಳಿಗೂ ಬರಬಹುದು, ಮಗಳ ಕಣ್ಣನ್ನೂ ಒಮ್ಮೆ ಪರೀಕ್ಷೆ ಮಾಡಿಸಿ ಅಂದಿದ್ದರು ಡಾಕ್ಟರು. ಅವಳು ಹೋಗಿರಲಿಲ್ಲ. ಹೋದರೆ ತಾನೇ ಗೊತ್ತಾಗೋದು...

ಆ ಸಂಜೆ ಮನೆ ಬಾಗಿಲು ತೆಗೆದು ಒಳಗೆ ಬರುತ್ತಿದ್ದಂತೆ ಅಪ್ಪ ರೇಡಿಯೋ ಆರಿಸಿದರು.

"ಯಾರು ಬೈದ್ರು?"

"ಯಾರೂ ಇಲ್ವಲ್ಲ."

"ದಿನಾ ಚಪ್ಪಲಿ ಎಸೆದು ಬರೋಳು ಇವತ್ತು ಮೆಲ್ಲಗೆ ಇಟ್ಟೆ. ಕಣ್ಣು ಹೋಗಿರ್ಬಹುದು ಮಗಳೇ, ಕಿವಿ ನೆಟ್ಟಗಿದೆ. ಬಾ ಇಲ್ಲಿ, ಮುಖ ನೋಡೋಣ." ಅಪ್ಪ ಕೋಳಿಯ ಹಾಗೆ ಕತ್ತು ಓರೆ ಮಾಡಿ ಕಣ್ಣಂಚಿನಿಂದ ನೋಡಿದರು. "ಮೂಗೊಂದು ಕಾಣ್ತಿಲ್ಲ. ಬಾಕಿ ಎಲ್ಲಾ ಇದೆ. ಅಳು ಮೋರೆ."

ಅವಳು ನಕ್ಕಳು. ಆದರೆ ಆಮೇಲೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನೀರನ್ನೇ ನೋಡುತ್ತಾ ನಿಂತಳು. ಈ ನೀರು ಸಮನಾಗಿ ಬೀಳ್ತಿದೆಯಾ? ಇಲ್ಲಾ, ಇದೂ ಎಡವುತ್ತಿದೆಯಾ? ಎಡವುತ್ತಿರೋದು ನೀರೋ... ನನ್ನ ಕಣ್ಣೋ?

---

ಮರುದಿನದಿಂದ ಅವಳ ಕೆಲಸ ಬದಲಾಯಿತು. ಬೇರೆ ಯಾರಿಗೂ ಗೊತ್ತಾಗದ ಹಾಗೆ ಬದಲಾಯಿತು.

ಮೊದಲು ನದಿ ನೋಡಿ ಬರೆಯುತ್ತಿದ್ದಳು. ಈಗ ನದಿ ನೋಡಿ, ಮೂಲೆಯ ನಂಬರ್ ನೋಡಿ, ಆಮೇಲೆ ಬರೆಯುತ್ತಿದ್ದಳು. ಮರ ಎಡವುತ್ತಾ ಬಂದರೂ ನಂಬರ್ ಅರವತ್ತಿದ್ದರೆ 'ಸರಿ ಇದೆ'. ಮಂಜು ಮುಗ್ಗರಿಸಿದರೂ ಅರವತ್ತಿದ್ದರೆ 'ಸರಿ ಇದೆ'. ಹಾಗೆ ಬರೆದ ಪ್ರತಿ ಸಲವೂ ಅವಳೊಳಗೆ ಯಾವುದೋ ದೀಪ ಒಂದು ಎಳೆ ಸಣ್ಣದಾಗುತ್ತಿತ್ತು.

ವಿಚಿತ್ರವೆಂದರೆ, ಈಗ ಗ್ರಾಫ್ ಸಾಹೇಬ್ರು ದಿನಾ ಮಧ್ಯಾಹ್ನ ಮೂರಕ್ಕೆ ಟೆಸ್ಟಿಂಗ್ ರೂಮಿಗೆ ಬರತೊಡಗಿದ್ದ. ಎರಡು ಕಪ್ ಟೀ ಹಿಡಿದು ಬರುತ್ತಿದ್ದ. ಒಂದನ್ನು ಅವಳ ಕೀಬೋರ್ಡಿನ ಪಕ್ಕ ಇಟ್ಟು, ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂರುತ್ತಿದ್ದ.

"ಈಗ ಹೇಗಿದೆ?" ಕೇಳುತ್ತಿದ್ದ.

"ಸರಿ ಇದೆ."

"ನಿಜವಾಗ್ಲೂ?"

"ಅರವತ್ತು ಇದೆಯಲ್ಲ."

ಅವನು ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಿದ್ದ. ತಾನು ಗೆದ್ದೆ ಅನ್ನುವ ಖುಷಿ ಆ ಮುಖದಲ್ಲಿ ಇರುತ್ತಿರಲಿಲ್ಲ. ಯಾಕೆ?

ಒಮ್ಮೆ ರೂಮಿನಲ್ಲಿ ಇಬ್ಬರೇ ಇದ್ದಾಗ ಕರೆಂಟ್ ಹೋಯಿತು. ಫ್ಯಾನುಗಳ ಗುಂಯ್ ಸದ್ದು ಒಮ್ಮೆಗೇ ನಿಂತು, ಕತ್ತಲ ರೂಮಿನಲ್ಲಿ ಅವರಿಬ್ಬರ ಉಸಿರು ಮಾತ್ರ ಉಳಿಯಿತು.

"ನದಿ ಎಡವುತ್ತೆ ಅಂತ ಅವತ್ತು ಹೇಳಿದ್ರಲ್ಲ," ಕತ್ತಲೊಳಗಿಂದ ಅವನ ದನಿ. "ಅದು ಹೇಗೆ ಕಾಣುತ್ತೆ? ನನಗೆ ಅರ್ಥ ಆಗೋ ಹಾಗೆ ಹೇಳ್ತೀರಾ?"

ಕತ್ತಲಲ್ಲಿ ಸುಳ್ಳು ಹೇಳಲು ಅವಳಿಗೆ ಬರಲಿಲ್ಲ.

"ಕನಸಲ್ಲಿ ನಡೀತಿರ್ತೀವಿ... ಯಾರೋ ಮೆಲ್ಲಗೆ ಭುಜ ಅಲ್ಲಾಡಿಸ್ತಾರೆ. ಎಚ್ಚರ ಆಗಲ್ಲ. ಆದ್ರೆ ಇದು ಕನಸು ಅಂತ ಗೊತ್ತಾಗಿಬಿಡುತ್ತೆ. ಹಾಗೆ."

ಕರೆಂಟ್ ಬಂದಾಗ ಅವನು ತನ್ನನ್ನೇ ನೋಡುತ್ತಿದ್ದದ್ದು ಅವಳಿಗೆ ಕಂಡಿತು. ಅವನು ತಟ್ಟನೆ ಟೀ ಕಪ್ಪಿನೊಳಗೆ ಮುಖ ಹುದುಗಿಸಿದ. ಕಪ್ಪು ಖಾಲಿಯಾಗಿತ್ತು.

ಅಂದಿನಿಂದ ಮೂರು ಗಂಟೆಗೆ ಐದು ನಿಮಿಷ ಇರುವಾಗಲೇ ಅವಳ ಕಿವಿ ಬಾಗಿಲ ಕಡೆ ಹೋಗುತ್ತಿತ್ತು. 'ಛೇ, ಇದೇನು ಹುಚ್ಚು,' ಅಂತ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಹುಚ್ಚು ಬೈದರೆ ಹೋಗುವಂಥದ್ದಲ್ಲ.

---

ಗೇಮು ಶುಕ್ರವಾರ ಸಂಜೆ ಹೊರಡಬೇಕಿತ್ತು. ಎರಡು ಚಿಪ್‌ನ ಕಾರ್ಡಿನಲ್ಲಿ ಗೇಮು ಸರಾಗವಾಗಿ ಓಡುತ್ತದೆ ಅನ್ನುವ ಕೊನೆಯ ಹಾಳೆಗೆ ಅವಳ ಸಹಿ ಬೇಕಿತ್ತು.

ಗುರುವಾರ ಆ ಹಾಳೆ ಕೇಳಲು ಅವಳು ಅವನ ಟೇಬಲ್ಲಿಗೆ ಹೋದಳು. ಅವನಿರಲಿಲ್ಲ. ಸ್ಕ್ರೀನ್ ತೆರೆದೇ ಇತ್ತು.

ಅಲ್ಲಿ ಅರ್ಧ ಬರೆದ ಯಾವುದೋ ಪ್ರೋಗ್ರಾಂ, ಅದರ ಪಕ್ಕ ಒಂದು ಪಟ್ಟಿ. ಮೇಲೆ 'ಹದ್ದಿನಕಣ್ಣು' ಅಂತ ಬರೆದಿತ್ತು. ಕೆಳಗೆ ಜರ್ಕ್ ಇದೆ ಅಂತ ಅವಳು ಈವರೆಗೆ ಬರೆದ ಒಂದೊಂದು ವರದಿ, ತಾರೀಖಿನ ಸಮೇತ. ಪ್ರತಿಯೊಂದರ ಮುಂದೆಯೂ ಒಂದು ಗುರುತು. ಅಲ್ಲೊಂದು ಇಲ್ಲೊಂದು ಹಸಿರು. ಬಾಕಿಯೆಲ್ಲ ಕೆಂಪು... ಕೆಂಪು... ಕೆಂಪು.

"ಅಕ್ಕಾ," ಮೋಡದಕ್ಕನ ಬಳಿ ಬಂದು ಕೇಳಿದಳು, "ಸಾಹೇಬ್ರು ಏನೋ ಹೊಸ ಪ್ರೋಗ್ರಾಂ ಬರೀತಿದಾರಲ್ಲ, ಏನದು?"

"ಹೂಂ, ಜರ್ಕ್ ಕಂಡುಹಿಡಿಯೋದಂತೆ. ಇನ್ನು ಕಣ್ಣಿನ ಕೆಲಸ ಅದೇ ಮಾಡುತ್ತಂತೆ, ಬಾಸ್ ಹೇಳ್ತಿದ್ರು." ಅವಳ ಮುಖ ನೋಡಿ ಮೋಡದಕ್ಕ ಕುಂಚದಂಥ ಪೆನ್ನು ಕೆಳಗಿಟ್ಟಳು. "ಯಾಕೇ, ಹೀಗೆ ಬಿಳಿಚಿಕೊಂಡೆ?"

ಎಲ್ಲಾ ಅರ್ಥವಾಯಿತು ಅಂದುಕೊಂಡಳು ಅವಳು. ಟೀ ತಂದದ್ದು, ಹಿಂದೆ ಕೂತದ್ದು, ಕತ್ತಲಲ್ಲಿ ಕೇಳಿದ್ದು... ತನ್ನ ಕಣ್ಣಿನ ತಪ್ಪು ಎಣಿಸೋದಕ್ಕೆ. ತನ್ನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಯಂತ್ರ ಕೂರಿಸೋದಕ್ಕೆ.

ಅಷ್ಟೊಂದು ಕೆಂಪು. ಹಾಗಾದರೆ ಅಪ್ಪನ ಮಚ್ಚೆ ನನ್ನ ಕಣ್ಣಿಗೂ ಬಂದಿದೆ.

ಹಾಳೆ ತರಿಸಿಕೊಂಡಳು. 'ಸರಿ ಇದೆ' ಅಂತ ಬರೆದು ಸಹಿ ಹಾಕಿದಳು. ಎದುರಿನ ಸ್ಕ್ರೀನಿನಲ್ಲಿ ಮರ ಎಡವುತ್ತಾ ಎಡವುತ್ತಾ ಹತ್ತಿರ ಬರುತ್ತಿತ್ತು.

ಮೂರು ಗಂಟೆಗೆ ಮುಂಚೆಯೇ ಮನೆಗೆ ಹೊರಟಳು. ಮೋಡದಕ್ಕನಿಗಷ್ಟೇ ಹೇಳಿದಳು, "ನಾಳೆ ಬೆಳಗ್ಗೆ ಕಣ್ಣಾಸ್ಪತ್ರೆಗೆ ಹೋಗ್ತಿದೀನಿ ಅಕ್ಕಾ. ಆಮೇಲೆ ಬರ್ತೀನೋ ಇಲ್ವೋ ಗೊತ್ತಿಲ್ಲ."

---

ಕಣ್ಣಿಗೆ ಹನಿ ಹಾಕಿ ಅವಳನ್ನು ಉದ್ದನೆಯ ಬೆಂಚಿನಲ್ಲಿ ಕೂರಿಸಿದ್ದರು. ಪಾಪೆ ಹಿಗ್ಗಬೇಕು, ಮುಕ್ಕಾಲು ಗಂಟೆ ಕಾಯಿರಿ ಅಂದಿದ್ದರು.

ಮೆಲ್ಲಮೆಲ್ಲಗೆ ಲೋಕ ಕರಗತೊಡಗಿತು. ಕಿಟಕಿ ಬೆಳಕಿನ ಕೊಳವಾಯಿತು. ಎದುರಿನ ಗೋಡೆಯ ಗಡಿಯಾರ ಚಂದ್ರನಾಯಿತು. ಬಿಳಿ ಕೋಟಿನ ನರ್ಸುಗಳು ಮಂಜಿನ ತುಣುಕುಗಳ ಹಾಗೆ ತೇಲಿ ಬಂದು ತೇಲಿ ಹೋಗುತ್ತಿದ್ದರು. ಭಯವಾಗಬೇಕಿತ್ತು. ಆದರೆ ಎಷ್ಟೋ ದಿನಗಳಲ್ಲಿ ಮೊದಲ ಸಲ, ಯಾವುದು ಎಡವುತ್ತಿದೆ ಅಂತ ನೋಡುವ ಹೊರೆ ಅವಳ ಮೇಲಿರಲಿಲ್ಲ.

ಆ ಮಂಜಿನಲ್ಲಿ ಒಂದು ಆಕಾರ ಅವಳ ಕಡೆಗೇ ಬಂತು. ಮುಖ ಕಾಣಲಿಲ್ಲ. ಆದರೆ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ.

"ಮೋಡದಕ್ಕ ಹೇಳಿದ್ರು," ಎಂದ ಅವನು, ಪಕ್ಕದಲ್ಲಿ ಕೂರುತ್ತಾ. ಓಡಿ ಬಂದವನ ಉಸಿರು. "ಬೈದು ಹೇಳಿದ್ರು."

"ನಿಮ್ಮ ಮಾತಿನ ಹಾಗೇ ಮಾಡಿದೀನಿ. ಕಣ್ಣು ತೋರಿಸೋಕೆ ಬಂದಿದೀನಿ." ಅವಳು ಮುಖ ತಿರುಗಿಸಿದಳು. "ಸಹಿಯೂ ಆಯ್ತು. ಇನ್ನೇನು ಬಾಕಿ ಇದೆ?"

"ಜರ್ಕ್ ಇದೆ ಅಂತ ನೀವು ಬರೆದ ಎಂಬತ್ತಾರು ವರದಿಯಲ್ಲಿ ಒಂದೂ ಸುಳ್ಳಿರಲಿಲ್ಲ. ನಿನ್ನೆ ಬರೆದದ್ದು ಸುಳ್ಳು. ಯಾಕೆ ಬರೆದ್ರಿ?"

"ಆ ಪಟ್ಟಿ ನಾನು ನೋಡಿದೀನಿ. ಎಲ್ಲಾ ಕೆಂಪು."

ಅವನು ಹಣೆ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು.

"ಆ ಕೆಂಪು ನಿಮ್ಮದಲ್ಲ. ನನ್ನ ನಂಬರಿಂದು. ನೀವು ಜರ್ಕ್ ಇದೆ ಅಂದು, ನಂಬರ್ ಇಲ್ಲ ಅಂದು, ಕೊನೆಗೆ ನಂಬರೇ ತಪ್ಪು ಅಂತ ಆದಾಗ ಒಂದು ಕೆಂಪು. ಎಂಬತ್ತೊಂದು ಸಲ."

"ಮತ್ತೆ... ಆ ಐದು ಹಸಿರು?"

"ಆ ಐದರಲ್ಲಿ ನಂಬರಿಗೂ ಗೊತ್ತಾಗೋವಷ್ಟು ಜೋರು ಜರ್ಕ್ ಇತ್ತು."

ಅವಳು ಅವನ ಕಡೆ ತಿರುಗಿದಳು. ಕಂಡದ್ದು ಬರೀ ಬೆಳಕು.

ಅವನು ಹೇಳುತ್ತಾ ಹೋದ. ಅವತ್ತು ಆ ಮಾತು ಆಡಿದ ರಾತ್ರಿಯೇ ಏನೋ ಕೊರೆಯತೊಡಗಿತಂತೆ. ಗೆಳೆಯನ ಹತ್ತಿರ ವೇಗದ ಕ್ಯಾಮೆರಾ ಕೇಳಿ ತಂದನಂತೆ. ಅವಳು ಊಟಕ್ಕೆ ಹೋದಾಗ ಸ್ಕ್ರೀನನ್ನು ಚಿತ್ರೀಕರಿಸಿ, ಗೇಮಿನ ಒಂದೊಂದು ಚಿತ್ರ ಕ್ಯಾಮೆರಾದ ಎಷ್ಟು ಫ್ರೇಮಿನಷ್ಟು ಹೊತ್ತು ನಿಲ್ಲುತ್ತದೆ ಅಂತ ಕೈಯಾರೆ ಎಣಿಸಿದನಂತೆ.

"ನಾಲ್ಕು, ನಾಲ್ಕು, ನಾಲ್ಕು, ನಾಲ್ಕು ಬರಬೇಕಿತ್ತು. ಬಂದದ್ದು ಏಳು, ಒಂದು, ಏಳು, ಒಂದು." ಅವನ ದನಿ ತಗ್ಗಿತು. "ಎರಡು ಚಿಪ್ ಸರದಿ ಮೇಲೆ ಚಿತ್ರ ಬರೀತವೆ. ಒಂದು ಇದು, ಮುಂದಿನದು ಅದು. ಆದ್ರೆ ಎರಡನೇದು ಮೊದಲನೇದರ ಹಿಮ್ಮಡಿ ತುಳ್ಕೊಂಡೇ ಬಂದುಬಿಡುತ್ತೆ. ಆಮೇಲೆ ಎರಡೂ ನಾಪತ್ತೆ. ಮೆಟ್ಟಿಲಿಳಿಯೋ ಅಣ್ಣ ತಮ್ಮನ ಹಾಗೆ, ಒಬ್ಬನ ಮೇಲೆ ಒಬ್ಬ ಬಿದ್ದು ಧಡಧಡ ಅಂತ ಬರ್ತವೆ, ಮತ್ತೆ ಸದ್ದೇ ಇಲ್ಲ. ಸೆಕೆಂಡಿನ ಕೊನೇಲಿ ತಲೆ ಎಣಿಸಿದ್ರೆ ಅರವತ್ತು ಸರಿಯಾಗೇ ಇರುತ್ತೆ. ನಾನು ತಲೆ ಎಣಿಸ್ತಿದ್ದೆ. ನೀವು ನಡಿಗೆ ನೋಡ್ತಿದ್ರಿ."

"ಮತ್ತೆ ಆ ಪ್ರೋಗ್ರಾಂ? ನನ್ನ ಬದಲು..."

"ನಿಮ್ಮ ಬದಲಲ್ಲ. ನೀವು ಹೇಳಿದ್ದನ್ನ ಇನ್ಯಾರೂ ಅಲ್ಲಗಳೆಯಬಾರದು ಅಂತ. ಅದಕ್ಕೇ ಮುಗಿಸಿ ತೋರಿಸೋಣ ಅಂತ ಬಾಯಿ ಮುಚ್ಕೊಂಡಿದ್ದೆ. ಅದೇ ನನ್ನ ದಡ್ಡತನ. ಮೊದಲ ದಿನ ಬಾಯಿ ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಆಮೇಲೆ ತೆರೆಯಬೇಕಿತ್ತು, ತೆರೆಯಲಿಲ್ಲ."

ಆಗ ಅವಳು ಅಪ್ಪನ ವಿಷಯ ಹೇಳಿದಳು. ಬೂದು ಮಚ್ಚೆಯ ವಿಷಯ, ನಲ್ಲಿಯ ನೀರಿನ ವಿಷಯ, 'ಸರಿ ಇದೆ' ಅಂತ ಬರೆದಾಗೆಲ್ಲ ಸಣ್ಣದಾಗುತ್ತಿದ್ದ ದೀಪದ ವಿಷಯ. ಯಾರಿಗೂ ಹೇಳದ್ದನ್ನು ಒಂದು ಬೆಳಕಿನ ಮುದ್ದೆಗೆ ಹೇಳಿದಳು.

ಬೆಂಚಿನ ಮೇಲಿದ್ದ ಅವಳ ಕೈಯ ಪಕ್ಕ ಅವನ ಕೈ ಬಂದು ನಿಂತಿತು. ಮುಟ್ಟಲಿಲ್ಲ. ಅದರ ಬಿಸುಪು ಮಾತ್ರ ತಾಕಿತು.

"ಇನ್ನೊಂದು ವಿಷಯ," ಕೊನೆಗೆ ಮೆಲ್ಲಗೆ ಅಂದ. "ಕ್ಯಾಮೆರಾ ಕೆಲಸ ಎರಡೇ ದಿನದಲ್ಲಿ ಮುಗಿದಿತ್ತು. ಮೂರು ಗಂಟೆಗೆ ಬರೋಕೆ ನನಗೆ ಕೆಲಸದ ಕಾರಣ ಏನೂ ಇರಲಿಲ್ಲ."

ಒಳಗಿನಿಂದ ಅವಳ ಟೋಕನ್ ನಂಬರ್ ಕೂಗಿದರು.

ಡಾಕ್ಟರು ಬೆಳಕು ಬಿಟ್ಟು, ಲೆನ್ಸ್ ಇಟ್ಟು, ಎಡಕ್ಕೆ ನೋಡಿ, ಬಲಕ್ಕೆ ನೋಡಿ ಅಂದು, ಬಹಳ ಹೊತ್ತಿನ ಮೇಲೆ ಕುರ್ಚಿ ಹಿಂದಕ್ಕೆ ತಳ್ಳಿದರು. "ಸದ್ಯಕ್ಕೆ ಏನೂ ಇಲ್ಲಮ್ಮ. ತಿಳಿನೀರಿನ ಹಾಗಿದೆ. ಮುಂದೆ ಬರಲ್ಲ ಅಂತ ನಾನು ಬರೆದುಕೊಡೋಕೆ ಆಗಲ್ಲ. ವರ್ಷಕ್ಕೊಂದ್ಸಲ ಬಂದು ತೋರಿಸು."

ಹೊರಗೆ ಬಂದು ಅವಳು ಅವನ ಮುಂದೆ ಕೈ ಚಾಚಿದಳು.

"ನಿಮ್ಮ ಫೋನಿಂದ ಬಾಸ್‌ಗೆ ಕಾಲ್ ಮಾಡಿಕೊಡಿ. ನನಗೆ ಅಕ್ಷರ ಕಾಣ್ತಿಲ್ಲ."

"ಏನು ಹೇಳ್ತೀರಾ?"

"ಸುಳ್ಳು ಬರೆದೆ, ಸಹಿ ವಾಪಸ್ ತಗೊಳ್ತಿದೀನಿ ಅಂತ."

ಬಾಸ್ ಫೋನಿನಲ್ಲಿ ಕೂಗಾಡಿದ್ದು ಪಕ್ಕದ ಬೆಂಚಿನವರಿಗೂ ಕೇಳಿಸಿತು. ಅವಳು ಎಲ್ಲಾ ಕೇಳಿಸಿಕೊಂಡಳು. "ತಪ್ಪು ನಂದೇ ಸರ್. ಆದ್ರೆ ನದಿ ಎಡವುತ್ತೆ. ನಾನು ನೋಡಿದೀನಿ," ಅಂದಳು. ಎರಡು ಸಲ ಅಂದಳು. ಸೋಮವಾರದವರೆಗೆ ಸಮಯ ಸಿಕ್ಕಿತು.

---

ಸೋಮವಾರ ಮಧ್ಯಾಹ್ನ. ಕಪ್ಪು ಕರ್ಟನ್, ಸ್ಕ್ರೀನಿನ ತುಂಬ ಮಂಜು. ಮೂಲೆಯ ನಂಬರಿನ ಮೇಲೆ ಅವನು ಕಪ್ಪು ಟೇಪು ಅಂಟಿಸಿದ್ದ.

"ಬೇಗ ಸಿದ್ಧವಾದ ಚಿತ್ರವನ್ನ ಬಾಗಿಲಲ್ಲೇ ಒಂಚೂರು ತಡೆದು ನಿಲ್ಲಿಸ್ತೀನಿ," ಎಂದ. "ಅದರ ಹೊತ್ತು ಬಂದ ಮೇಲೆ ಬಿಡ್ತೀನಿ. ಎಷ್ಟು ತಡೀಬೇಕು ಅಂತ ನೀವು ಹೇಳಬೇಕು."

ಅವಳು ಹುಟ್ಟು ಹಾಕಿದಳು. ಮರ ಹತ್ತಿರ ಬಂತು.

"ಕಮ್ಮಿಯಾಗಿದೆ. ಆದ್ರೆ ಇದೆ."

ಅವನು ಏನೋ ಬದಲಾಯಿಸಿದ.

"ಈಗ ನದಿ ಚೆನ್ನಾಗಿದೆ. ಆದ್ರೆ ಹುಟ್ಟು ಭಾರವಾಯ್ತು. ನಾನು ಎಳೆದ ಮೇಲೆ ಯೋಚನೆ ಮಾಡಿ ಏಳ್ತಿದೆ."

"ತಡೆದ್ರೆ ಅಷ್ಟು ತಡ ಆಗುತ್ತೆ. ಎರಡೂ ಸಿಗಲ್ಲ."

"ಗೊತ್ತು. ಸ್ವಲ್ಪ ಬಿಡಿ... ಇನ್ನು ಒಂದೆಳೆ... ಹಾಂ."

ಅವಳ ಕೈ ನಿಂತಿತು.

ಮರ ಜಾರಿ ಬಂತು. ಅದರ ನೆರಳು ದೋಣಿಯ ಮೇಲೆ ಹಾಯ್ದು, ಅವಳ ಮುಖದ ಮೇಲೆ ಹಾಯ್ದು, ಹಿಂದಕ್ಕೆ ಸರಿಯಿತು. ಮಂಜು ತೆರೆಯಿತು, ಮುಚ್ಚಿತು. ಭುಜ ಅಲ್ಲಾಡಿಸುವವರು ಯಾರೂ ಇರಲಿಲ್ಲ. ಮೋಡದಕ್ಕ ತನ್ನ ಮೋಡಗಳನ್ನು ಮೊದಲ ಸಲ ನೋಡುವವಳ ಹಾಗೆ ನೋಡಿ, ಇಬ್ಬರ ಮುಖ ನೋಡಿ, "ನನಗೆ ಕೆಲಸ ಇದೆಯಪ್ಪಾ," ಅಂತ ಎದ್ದು ಹೋದಳು. ಅವಳಿಗೆ ಯಾವ ಕೆಲಸವೂ ಇರಲಿಲ್ಲ.

ಅವಳು ಹಾಳೆ ಎಳೆದುಕೊಂಡು ಬರೆದಳು. 'ನಾನು ನೋಡಿದೆ. ಸರಿ ಇದೆ.' ಸಹಿ ಹಾಕಿದಳು.

"ಒಂದು ಮಾತು ಕೇಳ್ಲಾ?" ಎಂದಳು, ನದಿಯಿಂದ ಕಣ್ಣು ತೆಗೆಯದೆ. "ಮುಂದೊಂದು ದಿನ ನನಗೂ ಅಪ್ಪನ ಹಾಗೆ ಆದ್ರೆ?"

ದೋಣಿ ಒಂದು ತಿರುವು ದಾಟುವುದನ್ನು ಅವನು ನೋಡಿದ.

"ನನಗೂ ಹೆದರಿಕೆಯಾಗುತ್ತೆ," ಎಂದ. "ಆದ್ರೆ ಅವತ್ತು ಪಕ್ಕದ ಕುರ್ಚೀಲಿ ನಾನಿರಬೇಕು. ಏನೇನು ಕಾಣ್ತಿದೆ ಅಂತ ಒಂದೊಂದೇ ಹೇಳ್ತಾ ಹೋಗ್ತೀನಿ."

"ನೀವಾ? ನಿಮಗೆ ಎದುರಿಗಿರೋ ಜರ್ಕೇ ಕಾಣಲ್ಲ."

"ಅದಕ್ಕೇ ಈಗಿಂದ ಕಲೀಬೇಕು. ಕಲಿಸೋಕೆ ಎಷ್ಟು ವರ್ಷ ಬೇಕು?"

"ಈ ಕಣ್ಣಿಗಾ... ಒಂದು ಜನ್ಮ ಸಾಲಲ್ಲ."

"ಆಗಲಿ. ನನಗೇನೂ ಅವಸರ ಇಲ್ಲ."

ಅವಳು ಪಕ್ಕದ ಕುರ್ಚಿಯನ್ನು ತನ್ನ ಕಡೆಗೆ ಎಳೆದಳು. ಅವನು ಬಂದು ಕೂತ. ಈ ಸಲ ಅವನ ಕೈ ಅವಳ ಕೈಯ ಪಕ್ಕ ನಿಲ್ಲಲಿಲ್ಲ, ಅದರ ಮೇಲೇ ಬಂದು ಕೂತಿತು.

"ಮೊದಲನೇ ಪಾಠ," ಎಂದಳು ಅವಳು. "ನೀರು ನೋಡಿ."

"ನೋಡ್ತಿದೀನಿ."

"ಸುಳ್ಳು. ನನ್ನ ನೋಡ್ತಿದೀರಾ."

"ನೀವು ಈ ಕಡೆ ತಿರುಗೇ ಇಲ್ಲ. ಹೇಗೆ ಗೊತ್ತಾಯ್ತು?"

ಮಂಜಿನೊಳಗೆ ದೋಣಿ ತೇಲುತ್ತಿತ್ತು. ಅವಳು ನಕ್ಕಳು.

"ನನ್ನ ಕಣ್ಣು ಚೆನ್ನಾಗಿದೆ ಸಾಹೇಬ್ರೇ."